ಗರುಡರ ಕಥೆ, ಗರುಡರ ಕಲ್ಲು: ದೊರೆಯ ಜೊತೆ ಸಾಯುವ ಪದ್ಧತಿಯನ್ನು ನಾವು ಹೇಗೆ ಓದುತ್ತಿದ್ದೇವೆ?

ಹಳೇಬೀಡಿಗೆ ಹೋಗಿ ಬಂದವರೆಲ್ಲ ಈ ಕಥೆಯನ್ನು ಒಂದಲ್ಲ ಒಂದು ರೂಪದಲ್ಲಿ ಕೇಳಿಯೇ ಇರ್ತೀರಿ. ಹೊಯ್ಸಳ ದೊರೆಗಳಿಗೆ ಗರುಡರು ಅಂತ ಸಾವಿರ ಜನ ಅಂಗರಕ್ಷಕರಿದ್ದರಂತೆ. ದೊರೆ ಯುದ್ಧದಲ್ಲಿ ಸತ್ತರೂ ಸರಿ, ಹಾಸಿಗೆ ಹಿಡಿದು ಸತ್ತರೂ ಸರಿ, ಅದೇ ದಿನ ಅಷ್ಟೂ ಜನ ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದರಂತೆ. ಇಷ್ಟು ಹೇಳಿ, ದೇವಾಲಯದ ಪಕ್ಕದಲ್ಲಿರುವ ಕಂಬದ ಕಡೆ ಕೈ ತೋರಿಸಿ, ‘ಅದಕ್ಕೆ ಸಾಕ್ಷಿ ಇಲ್ಲಿದೆ ನೋಡಿ’ ಅನ್ನುತ್ತಾರೆ. ಈಗ ಇದೇ ಕಥೆ ‘ರಾಜರ ವಿಚಿತ್ರ ಪದ್ಧತಿಗಳು’ ಎಂಬ ತಲೆಬರಹ ಹೊತ್ತು ವಾಟ್ಸಾಪಿನಲ್ಲೂ ವಿಡಿಯೋಗಳಲ್ಲೂ ಓಡಾಡುತ್ತಿದೆ.

ಕೇಳಿದವರಲ್ಲಿ ಎರಡು ಗುಂಪು. ಒಂದು ಗುಂಪಿಗೆ ಮೈ ನವಿರೇಳುತ್ತದೆ: ಎಂಥ ಸ್ವಾಮಿನಿಷ್ಠೆ, ಈಗೆಲ್ಲಿ ಅಂಥವರು ಅನ್ನುತ್ತಾರೆ. ಇನ್ನೊಂದು ಗುಂಪು ಮುಖ ಕಿವಿಚುತ್ತದೆ: ಎಂಥ ಕ್ರೌರ್ಯ, ಎಂಥ ಮೂಢನಂಬಿಕೆ ಅನ್ನುತ್ತದೆ. ನನ್ನ ತಕರಾರು ಇಬ್ಬರ ಮೇಲೂ ಇದೆ. ಇಬ್ಬರೂ ನಂಬಿರುವುದು ಕಥೆಯನ್ನು. ಕಲ್ಲನ್ನು ಓದಿದವರು ಎರಡೂ ಕಡೆ ಕಡಿಮೆ. ಕಲ್ಲಿನ ಮೇಲೆ ಇರುವುದು ಕಥೆಗಿಂತ ಹೆಚ್ಚು, ಕೆಲವು ಕಡೆ ಕಥೆಗೆ ಎದುರು. ಆ ಹೆಚ್ಚಿನ ಭಾಗದಲ್ಲೇ ನಾವು ಗಮನಿಸಬೇಕಾದ ಮನುಷ್ಯರಿದ್ದಾರೆ.

ಕಂಬದ ಮೇಲೆ ಏನಿದೆ

ಮೊದಲು ಹಳೇಬೀಡಿನ ಕಂಬವನ್ನೇ ನೋಡೋಣ. ಅದು ಕುವರ ಲಕ್ಷ್ಮನ ಕಂಬ. ಲಕ್ಷ್ಮ ಇಮ್ಮಡಿ ವೀರಬಲ್ಲಾಳನ ದಂಡನಾಯಕ, ಮಂತ್ರಿ. ಬಲ್ಲಾಳ ತೀರಿಕೊಂಡದ್ದು 1220ರಲ್ಲಿ. ವಿದ್ವಾಂಸರು ಈ ಕಂಬವನ್ನು ಆ ಸಾವಿಗೇ ಜೋಡಿಸುತ್ತಾರೆ. ಕಂಬದ ಮೇಲೆ ಶಾಸನವಿದೆ, ಸುತ್ತ ಸಣ್ಣ ಸಣ್ಣ ಶಿಲ್ಪಗಳಿವೆ. ಕತ್ತಿ ಹಿಡಿದು ತಮ್ಮ ಕೈಕಾಲು, ತಲೆ ಕತ್ತರಿಸಿಕೊಳ್ಳುತ್ತಿರುವ ವೀರರ ಶಿಲ್ಪಗಳು ಅವು. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಆದ್ದರಿಂದ ‘ಹೀಗೆಲ್ಲ ನಡೀತಿರಲಿಲ್ಲ, ಎಲ್ಲ ಕಟ್ಟುಕಥೆ’ ಅನ್ನುವವರ ಮಾತು ಇಲ್ಲಿ ನಿಲ್ಲುವುದಿಲ್ಲ.

ಈಗ ಶಾಸನದ ಪಾಠಕ್ಕೆ ಬನ್ನಿ. ಆ ಪಾಠದ ನಾಯಕ ಬಲ್ಲಾಳನಲ್ಲ, ಲಕ್ಷ್ಮ. ದೊರೆ ಅವನನ್ನು ಮಗನ ಹಾಗೆ ಸಾಕಿದ. ಹೆಸರಿನ ‘ಕುವರ’ ಅದನ್ನೇ ಹೇಳುತ್ತದೆ. ದೊರೆಗೂ ಆಳಿಗೂ ಭೇದವೇ ಇರಲಿಲ್ಲ, ರಾಜವೈಭವದ ಗುರುತುಗಳೆಲ್ಲ ಇಬ್ಬರಿಗೂ ಸಮನಾಗಿದ್ದವು ಎಂದು ಶಾಸನಕವಿ ಹೊಗಳುತ್ತಾನೆ. ಲಕ್ಷ್ಮ ಎಡಗಾಲಿಗೆ ತೊಡರು ಕಟ್ಟಿದ್ದಾನೆ. ತೊಡರು ಅಂದರೆ ಪ್ರತಿಜ್ಞೆಯ ಗುರುತಾಗಿ ತೊಡುವ ಕಾಲ್ಗಡಗ. ಹೆಂಡತಿ ಸುಗ್ಗಲದೇವಿ ಅವನಿಗೆ ಸರಿಸಮಳಾಗಿ ಬರುತ್ತಾಳೆ. ಕೊನೆಗೆ ಗಂಡ ಹೆಂಡತಿ ಇಬ್ಬರೂ ವೀರಶಾಸನ ಬರೆದ ಕಲ್ಲಿನ ಕಂಬವನ್ನೇರಿ ಲಕ್ಷ್ಮಿಯನ್ನೂ ಗರುಡನನ್ನೂ ಸೇರಿದರು ಎಂಬ ಅರ್ಥದ ಮಾತಿದೆ.

ಗಮನಿಸಿ. ಕಥೆಯಲ್ಲಿ ಇದು ‘ರಾಜರ ಪದ್ಧತಿ’. ರಾಜ ಏನೋ ಒಂದು ವಿಚಿತ್ರ ನಿಯಮ ಮಾಡಿದ್ದ, ಪಾಪ ಆಳುಗಳು ಪಾಲಿಸಿದರು ಅನ್ನುವ ಹಾಗೆ. ಕಲ್ಲಿನ ಮೇಲೆ ಕ್ರಿಯಾಪದಗಳೆಲ್ಲ ಆಳಿಗೆ ಸೇರಿವೆ. ತೊಡರು ಕಟ್ಟಿದವನು ಅವನು, ಮಾತು ಕೊಟ್ಟವನು ಅವನು, ಕಂಬವೇರಿದವನು ಅವನು. ದೊರೆಯ ಸಾವು ಇಲ್ಲಿ ಹಿನ್ನೆಲೆ ಮಾತ್ರ. ಇದನ್ನು ಬರೀ ವ್ಯಾಕರಣದ ವಿಷಯ ಅಂತ ತಳ್ಳಿಹಾಕಬೇಡಿ. ಶಾಸನ ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆಯೇ ‘ಈ ವಾಕ್ಯದ ಕರ್ತೃ ಯಾರು’ ಅನ್ನುವುದು. ಎರಡನೆಯದು, ‘ಈ ಕಲ್ಲನ್ನು ನಿಲ್ಲಿಸಿದ್ದರಿಂದ ಯಾರಿಗೆ ಏನು ಸಿಕ್ಕಿತು’ ಅನ್ನುವುದು. ಈ ಎರಡು ಪ್ರಶ್ನೆ ಕೈಯಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಸಾವಿರ ಎಂಬ ಲೆಕ್ಕ

ನಡುವೆ ಈ ಸಾವಿರದ ವಿಷಯ ಹೇಳಿಬಿಡ್ತೀನಿ. ಕಥೆಯಲ್ಲಿ ಸಾವಿರ ಜನ ದೊರೆಯ ಗರುಡರು. ಶಾಸನದಲ್ಲಿ ಆ ಸಾವಿರ ವೀರರು ಲಕ್ಷ್ಮನ ಸುತ್ತ ಬರುತ್ತಾರೆ, ಅವನ ಬಳಗವಾಗಿ. ಅಂದರೆ ನಿಷ್ಠೆ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿದೆ: ಲಕ್ಷ್ಮ ದೊರೆಗೆ, ವೀರರು ಲಕ್ಷ್ಮನಿಗೆ. ಕಥೆ ಈ ಮೆಟ್ಟಿಲುಗಳನ್ನು ಅಳಿಸಿ ಎಲ್ಲರನ್ನೂ ನೇರವಾಗಿ ದೊರೆಯ ಪಾದಕ್ಕೆ ತಂದು ನಿಲ್ಲಿಸುತ್ತದೆ.

ಇನ್ನು ಸಂಖ್ಯೆ. ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000 ಎಂದು ಓದಿ ಪಳಗಿದ ನಮಗೆ ಶಾಸನದ ದುಂಡು ಸಂಖ್ಯೆಗಳ ಸ್ವಭಾವ ಗೊತ್ತಿರಬೇಕು. ಸಾವಿರ ಎಂದರೆ ತಲೆ ಎಣಿಸಿ ಬರೆದ ಲೆಕ್ಕ ಎಂದು ಹಿಡಿಯುವುದು ಸಾಹಸ. ಹಾಗಂತ ಸೊನ್ನೆ ಅಂತಲೂ ಅಲ್ಲ. ದೊಡ್ಡದೊಂದು ಪಡೆ ಎಂಬಷ್ಟು ತೆಗೆದುಕೊಂಡರೆ ಸಾಕು. ‘ಸಾವಿರ ತಲೆ ಉರುಳಿದ ದಿನ’ ಎಂದು ಬರೆಯುವವರು ಪ್ರಶಸ್ತಿಕಾವ್ಯವನ್ನು ಪಂಚನಾಮೆಯ ಹಾಗೆ ಓದುತ್ತಿದ್ದಾರೆ, ಅಷ್ಟೆ.

ಕೀಳ್ಗುಂಟೆಯಾದ ಅಗರಯ್ಯ

ಈ ಪದ್ಧತಿ ಹೊಯ್ಸಳರ ಕಾಲದಲ್ಲಿ ಹುಟ್ಟಿದ್ದಲ್ಲ. ಅವರಿಗಿಂತ ಬಹಳ ಹಿಂದೆ, ಗಂಗರ ಕಾಲದಲ್ಲಿ, ಇದರ ಸ್ಪಷ್ಟ ಗುರುತು ಸಿಗುತ್ತದೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ಸಿಕ್ಕ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೀವು ನೋಡಿರಬಹುದು. ಕಾಲ ಸುಮಾರು 870. ಗಂಗ ದೊರೆ ನೀತಿಮಾರ್ಗ ಪೆರ್ಮಾನಡಿ ಸ್ವರ್ಗಸ್ಥನಾದ, ಅವನ ಮನೆಯಾಳು ಅಗರಯ್ಯ ‘ಕೀಳ್ಗುಂಟೆ’ಯಾದ ಎಂಬುದು ಅದರ ಸಾರ.

ನಮ್ಮ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ದೊಡ್ಡಹುಂಡಿಯ ಕಲ್ಲಿನಲ್ಲಿ ಯುದ್ಧವೇ ಇಲ್ಲ. ಮಂಚದ ಮೇಲೆ ಒರಗಿದ ದೊರೆ, ಅವನ ಬೆನ್ನಿಗೆ ಆಸರೆಯಾಗಿ ಕೂತ ಆಳು, ಪಕ್ಕದಲ್ಲಿ ನಿಂತ ರಾಜಕುಮಾರ. ಒಂದು ಮನೆಯ ಒಳಕೋಣೆಯ ಸಾವು. ಕನ್ನಡ ನಾಡಿನ ಸ್ಮಾರಕ ಶಿಲ್ಪದಲ್ಲಿ ಇಷ್ಟು ಮೆಲುದನಿಯ ಚಿತ್ರ ಅಪರೂಪ.

‘ಕೀಳ್ಗುಂಟೆ’ ಎಂದರೇನು? ಕೀಳ್ ಎಂದರೆ ಕೆಳಗೆ, ಗುಂಟೆ ಎಂದರೆ ಗುಂಡಿ. ಸತ್ತ ಒಡೆಯನನ್ನು ಮಣ್ಣು ಮಾಡುವ ಗುಂಡಿಯಲ್ಲಿ ಅವನ ಕೆಳಗೆ ತಾನೂ ಹೂಳಿಸಿಕೊಳ್ಳುವುದು ಎಂಬ ಅರ್ಥವನ್ನು ಹಲವರು ಒಪ್ಪಿದ್ದಾರೆ. ವಿಧಾನದ ವಿವರದಲ್ಲಿ ವಾದಗಳಿವೆ. ಒಡೆಯನ ಸಾವಿನ ಜೊತೆ ತಾನೂ ಸತ್ತ ಎಂಬುದರಲ್ಲಿ ಇಲ್ಲ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟಿಸಿದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಇಂಥ ಆತ್ಮಬಲಿಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ಇದರ ಬಗ್ಗೆ ಆಸಕ್ತಿ ಇರುವವರು ವಿಡಿಯೋ ನೋಡುವ ಮೊದಲು ಆ ಪುಸ್ತಕ ತೆರೆಯುವುದು ಒಳ್ಳೆಯದು.

ನಾನು ಬೆರಳಿಟ್ಟು ತೋರಿಸಬೇಕೆಂದಿರುವುದು ದೊಡ್ಡಹುಂಡಿ ಕಲ್ಲಿನ ಇನ್ನೊಂದು ಮಾತನ್ನು. ದೊರೆಯ ಮಗ ಸತ್ಯವಾಕ್ಯ ಪೆರ್ಮಾನಡಿ ಇದಕ್ಕಾಗಿ ‘ಕಲ್ನಾಡು’ ಕೊಟ್ಟ ಎಂದಿದೆ. ಕಲ್ನಾಡು ಎಂದರೆ ವೀರನ ಹೆಸರಿನಲ್ಲಿ, ಅವನ ಕಲ್ಲಿನ ಲೆಕ್ಕದಲ್ಲಿ ಕೊಡುವ ಭೂಮಿ. ಸತ್ತವನು ಭೂಮಿ ಉಣ್ಣಲಾರ. ಉಣ್ಣುವವರು ಅವನ ಮನೆಯವರು.

ಕಥೆಯ ಒಂದೂ ಆವೃತ್ತಿಯಲ್ಲಿ ಈ ಭೂಮಿ ಕಾಣಲ್ಲ. ಯಾಕೆ? ಭೂಮಿಯ ಮಾತು ಬಂದ ಕೂಡಲೇ ತ್ಯಾಗದ ಹೊಳಪು ಕಡಿಮೆಯಾಗುತ್ತದೆ ಎಂಬ ಭಯ ಹೊಗಳುವವರಿಗೆ. ಅದು ಬರೀ ಮೂಢತನವಾಗಿ ಉಳಿಯಲ್ಲ ಎಂಬ ತೊಂದರೆ ತೆಗಳುವವರಿಗೆ. ಇಬ್ಬರಿಗೂ ಬೇಡವಾದ ಸಾಲು ಅದು. ಆದರೆ ಕಲ್ಲು ಹೊಡೆಸಿದವರಿಗೆ ಬೇಕಾಗಿತ್ತು. ಎಷ್ಟೋ ವೀರಗಲ್ಲುಗಳಲ್ಲಿ ಹೊಗಳಿಕೆ ಒಂದೆರಡು ಮಾತಿಗೆ ಮುಗಿದು, ದತ್ತಿಯೂ ಶಾಪವೂ ವಿವರವಾಗಿರುವುದನ್ನು ನೀವು ಕಂಡಿರ್ತೀರಿ. ಕಲ್ಲು ನೆನಪಿನ ಗುರುತೂ ಹೌದು, ಹಕ್ಕುಪತ್ರವೂ ಹೌದು. ನಾಳೆ ಯಾರಾದರೂ ‘ಈ ಗದ್ದೆ ನಿಮಗೆ ಹೇಗೆ ಬಂತು’ ಎಂದರೆ ತೋರಿಸಲು ಊರ ಮುಂದೆ ನಿಂತ ಸಾಕ್ಷಿ.

ಅನ್ನದ ಋಣ, ಹೊತ್ತಿನ ಮಾತು

ಹಾಗಾದರೆ ಇದು ಬರೀ ವ್ಯವಹಾರವೇ? ಅಷ್ಟು ಸರಳವೂ ಅಲ್ಲ. ಆ ಕಾಲದ ಭಾಷೆಯಲ್ಲೇ ಇದಕ್ಕೆ ಬೇರೆ ಬೇರೆ ಹೆಸರುಗಳಿವೆ. ಜೋಳವಾಳಿ, ವೇಳೆವಾಳಿ, ಲೆಂಕವಾಳಿ. ಪಾಳಿ ಅಂದರೆ ಕಟ್ಟಳೆ, ಕರ್ತವ್ಯ. ಉಂಡ ಜೋಳದ ಋಣಕ್ಕಾಗಿ ಒಡೆಯನ ಪರ ಹೋರಾಡುವುದು ಜೋಳವಾಳಿ. ವೇಳೆ ಬಂದಾಗ, ಅಂದರೆ ಒಡೆಯನ ಕೊನೆಯ ಹೊತ್ತಿಗೆ, ಪ್ರಾಣ ಕೊಡುತ್ತೇನೆ ಎಂದು ಮೊದಲೇ ಮಾತು ಕೊಟ್ಟಿರುವುದು ವೇಳೆವಾಳಿ. ಲೆಂಕ ಎಂದರೆ ಹೀಗೆ ಮಾತಿಗೆ ಕಟ್ಟುಬಿದ್ದ ಆಳು. ಹೊಯ್ಸಳರ ಗರುಡ ಈ ಸಾಲಿನಲ್ಲಿ ಕಡೆಯಲ್ಲಿ ಬಂದ, ಎಲ್ಲರಿಗಿಂತ ಅಬ್ಬರದ ಹೆಸರು. ವಿಷ್ಣುವಿಗೆ ಗರುಡ ಹೇಗೋ ದೊರೆಗೆ ಇವನು ಹಾಗೆ.

ಜೋಳವಾಳಿಯೂ ವೇಳೆವಾಳಿಯೂ ಒಂದೇ ಅಲ್ಲ ಎಂಬುದು ಅಂದಿನ ಸಾಮಾನ್ಯ ಜನಕ್ಕೂ ಗೊತ್ತಿತ್ತು. ಇದಕ್ಕೆ ಸಾಕ್ಷಿ ಶಾಸನದ ಹೊರಗೆ ಸಿಗುತ್ತದೆ. ಬಸವಣ್ಣನವರ ವಚನವೊಂದರಲ್ಲಿ ಅವರು ತಮ್ಮನ್ನು ಜೋಳವಾಳಿಯವನೆಂದು ಕರೆದುಕೊಳ್ಳಲು ಒಪ್ಪದೆ, ವೇಳೆವಾಳಿಯವನೆಂದು ಹೇಳಿಕೊಳ್ಳುತ್ತಾರೆ. ಬಿಜ್ಜಳನ ಭಂಡಾರದಲ್ಲಿ ಕೆಲಸ ಮಾಡಿದವರ ಬಾಯಲ್ಲಿ ಬಂದ ಮಾತು ಇದು. ಅರಮನೆಯ ಒಳಗಿನ ಪದಗಳ ತೂಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಳು ದೊರೆಗೆ ಕೊಡುವ ಮಾತನ್ನು ಅವರು ಕೂಡಲಸಂಗಮದೇವನಿಗೆ ಕೊಡುತ್ತಾರೆ. ಊಟಕ್ಕಾಗಿ ಇರುವವನು ನಾನಲ್ಲ, ಕೊನೆಯ ಹೊತ್ತಿನವರೆಗೂ ನಿಲ್ಲುವವನು ಎಂಬ ಧ್ವನಿ. ಕೇಳುವವರಿಗೆ ಈ ಎರಡು ಪದಗಳ ವ್ಯತ್ಯಾಸ ತಿಳಿಯದೇ ಇದ್ದಿದ್ದರೆ ಆ ವಚನಕ್ಕೆ ಹರಿತವೇ ಇರುತ್ತಿರಲಿಲ್ಲ.

ಇದು ನಮಗೆ ಏನು ಹೇಳುತ್ತದೆ? ವೇಳೆವಾಳಿಗೆ ಊಟದ ಋಣಕ್ಕಿಂತ ಮೇಲಿನ ಮರ್ಯಾದೆ ಇತ್ತು. ಅದನ್ನು ಕೂಲಿ ಎಂದು ಕರೆದರೆ ಅವತ್ತಿನವರೇ ಒಪ್ಪುತ್ತಿರಲಿಲ್ಲ. ಲಕ್ಷ್ಮನ ಕಂಬದಲ್ಲಿ ಸಾಕುಮಗನ ಪ್ರೀತಿಯ ಮಾತಿದೆ. ಅದನ್ನು ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ, ಕಾರಣವೂ ಇಲ್ಲ. ಪ್ರೀತಿ, ಮರ್ಯಾದೆ, ಭೂಮಿ ಮೂರೂ ಒಟ್ಟಿಗೆ ಇರಬಹುದು. ನಮ್ಮ ಊರುಗಳಲ್ಲಿ ತಲೆಮಾರುಗಳಿಂದ ಒಂದೇ ಮನೆಗೆ ದುಡಿದವರನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ‘ಉಂಡ ಮನೆಯ ಗಳ ಎಣಿಸಬಾರದು’ ಎಂಬ ಗಾದೆಯನ್ನು ಆ ಮನೆಯವರೂ ಹೇಳುತ್ತಾರೆ, ದುಡಿದವರೂ ಹೇಳುತ್ತಾರೆ. ಇಬ್ಬರ ಬಾಯಲ್ಲಿ ಅದರ ಅರ್ಥ ಒಂದೇ ಆಗಿರಲ್ಲ.

ಬಾಳೆಲೆಯ ಮೇಲಿನ ಅನ್ನ

ಗರುಡರ ಕಥೆಯ ಜೊತೆಗೆ ಈಚೆಗೆ ಇನ್ನೊಂದು ತುಣುಕನ್ನೂ ಅಂಟಿಸುತ್ತಿದ್ದಾರೆ. ಪಟ್ಟವೇರಿದ ದಿನ ದೊರೆ ಬಾಳೆಲೆಯ ಮೇಲೆ ಅನ್ನ ಹಾಕಿಸಿ ತಾನು ಉಂಡು, ಉಳಿದದ್ದನ್ನು ತನ್ನವರಿಗೆ ಹಂಚುತ್ತಿದ್ದ. ಆ ತುತ್ತು ತಿಂದವರು ಅವನ ಜೊತೆಗೇ ಸಾಯಬೇಕಿತ್ತು ಎಂಬುದು. ‘ಹೊಯ್ಸಳರ ಗರುಡರು ಹೀಗೇ ಪ್ರತಿಜ್ಞೆ ಮಾಡುತ್ತಿದ್ದರು’ ಎಂದು ಸೇರಿಸಿಬಿಡುತ್ತಾರೆ.

ಈ ಅನ್ನದ ಪ್ರಸಂಗ ಬರುವುದು ಅಬೂ ಜೈದ್ ಅಲ್ ಸಿರಾಫಿಯ ಬರಹದಲ್ಲಿ. ಅವನು ಹತ್ತನೆಯ ಶತಮಾನದ ಮೊದಲ ಭಾಗದವನು, ಪರ್ಷಿಯಾ ಕೊಲ್ಲಿಯ ಸಿರಾಫ್ ಬಂದರಿನವನು. ಹಿಂದೂಸ್ತಾನದ ರಾಜರಲ್ಲಿ ಕೆಲವರು ಪಟ್ಟಕ್ಕೆ ಬಂದಾಗ ಅನ್ನ ಬೇಯಿಸಿ ಬಾಳೆಲೆಯ ಮೇಲಿಡುತ್ತಾರೆ. ಒತ್ತಾಯವಿಲ್ಲದೆ ತಾವಾಗಿ ಮುಂದೆ ಬಂದ 300-400 ಸಂಗಡಿಗರು ದೊರೆಯ ಕೈಯಿಂದ ಅದರಲ್ಲಿ ಸ್ವಲ್ಪ ಸ್ವಲ್ಪ ತಿನ್ನುತ್ತಾರೆ. ದೊರೆ ಸತ್ತ ದಿನ ಅವರೆಲ್ಲ ಬೆಂಕಿಗೆ ಬೀಳುತ್ತಾರೆ. ಇದು ಅವನು ಬರೆದದ್ದರ ಸಾರ.

ಇಲ್ಲಿ ಮೂರು ಸಂಗತಿ ನೆನಪಿಟ್ಟುಕೊಳ್ಳಬೇಕು. ಒಂದು, ಅಬೂ ಜೈದ್ ಬಂದರಿನಲ್ಲಿ ಕೂತು ನಾವಿಕರೂ ವ್ಯಾಪಾರಿಗಳೂ ಹೇಳಿದ್ದನ್ನು ಸಂಗ್ರಹಿಸಿದವನು. ದೂರದೇಶದ ರಾಜರ ವಿಚಿತ್ರ ನಡವಳಿಕೆ ಬಂದರಿನ ಹರಟೆಗೆ ಯಾವತ್ತೂ ಒಳ್ಳೆಯ ಸರಕು. ಎರಡು, ಅವನು ಈ ಪದ್ಧತಿಯನ್ನು ಯಾವ ರಾಜವಂಶಕ್ಕೂ ಕಟ್ಟಿಲ್ಲ. ಅರಬ್ ಬರಹಗಾರರು ‘ಬಲ್ಹರಾ’ ಎಂದು ಕರೆಯುತ್ತಿದ್ದ ನಮ್ಮ ರಾಷ್ಟ್ರಕೂಟರಿಗೂ ಕಟ್ಟಿಲ್ಲ. ಮೂರು, ಅವನ ಕಾಲಕ್ಕೂ ಕುವರ ಲಕ್ಷ್ಮನಿಗೂ ನಡುವೆ ಸುಮಾರು ಮುನ್ನೂರು ವರ್ಷ. ಹತ್ತನೆಯ ಶತಮಾನದ ಸಿರಾಫಿನ ಮಾತನ್ನು ಹದಿಮೂರನೆಯ ಶತಮಾನದ ದೋರಸಮುದ್ರಕ್ಕೆ ಹೊಲಿಯಲು ದಾರ ಸಾಲದು.

ಹಾಗಂತ ಅದನ್ನು ಬಿಸಾಡಬೇಕಿಲ್ಲ. ತುತ್ತಿನಿಂದ ಪ್ರಾಣ ಕಟ್ಟುವ ಕಲ್ಪನೆ ನಮ್ಮ ‘ಜೋಳವಾಳಿ’ ಪದದೊಳಗೇ ಇದೆಯಲ್ಲ. ದೂರದ ಬಂದರಿನ ಬಾಯಿಮಾತಿಗೂ ಇಲ್ಲಿನ ಪದಕ್ಕೂ ಒಂದೇ ಬೇರಿನ ವಾಸನೆ ಇದೆ ಎನ್ನುವಷ್ಟು ಹೇಳಬಹುದು. ಹದಿಮೂರನೆಯ ಶತಮಾನದ ಕೊನೆಗೆ ಪಾಂಡ್ಯರ ಕಡಲತೀರವನ್ನು ಕಂಡ ಮಾರ್ಕೊ ಪೋಲೊ ಕೂಡ ದೊರೆಯ ಚಿತೆಗೆ ಹಾರುವ ಆಪ್ತರ ಬಗ್ಗೆ ಬರೆದಿದ್ದಾನೆ. ತಮಿಳು ನಾಡಿನ ‘ವೇಳೈಕ್ಕಾರ’ ಪಡೆಗಳ ಹೆಸರಿನಲ್ಲೂ ನಮ್ಮ ವೇಳೆವಾಳಿಯ ‘ವೇಳೆ’ಯೇ ಕೇಳಿಸುತ್ತದೆ. ಅಂದರೆ ಇದು ಹೊಯ್ಸಳ ದೊರೆ ಒಬ್ಬನ ತಲೆಯಲ್ಲಿ ಹುಟ್ಟಿದ ವಿಚಿತ್ರವಲ್ಲ, ದಕ್ಷಿಣದ ರಾಜಕೀಯದಲ್ಲಿ ಹಲವು ಕಡೆ ಹಲವು ಹೆಸರಿನಿಂದ ಇದ್ದ ಒಂದು ಸಂಬಂಧ. ಪ್ರತಿ ಊರಿನದನ್ನು ಆ ಊರಿನ ಕಲ್ಲಿನಿಂದಲೇ ಓದಬೇಕು.

ಬಾಚಹಳ್ಳಿಯ ಲೆಕ್ಕ

ಅಂಥ ಒಂದು ಊರು ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿ. ಹಳೇಬೀಡಿನ ಕಂಬ ನೋಡಿದವರಲ್ಲಿ ನೂರಕ್ಕೆ ಹತ್ತು ಜನವೂ ಇಲ್ಲಿಗೆ ಬಂದಿರಲಿಕ್ಕಿಲ್ಲ. ಆದರೆ ಗರುಡರ ವಿಷಯದಲ್ಲಿ ನನಗೆ ಇದೇ ದೊಡ್ಡ ದಾಖಲೆ. ತಲೆಯ ಮೇಲೆ ಆನೆ ಹೊತ್ತ ಕಂಬಗಳು ಇಲ್ಲಿವೆ. ಅವುಗಳ ಶಾಸನ ಒಂದೇ ಮನೆತನದ ಗರುಡರನ್ನು ತಲೆಮಾರು ತಲೆಮಾರಾಗಿ ಹೇಳುತ್ತದೆ: ಎರೆಯಂಗನ ಕಾಲದಿಂದ ಮೂರನೆಯ ನರಸಿಂಹನ ಕಾಲದವರೆಗೆ, ಈ ದೊರೆಗೆ ಇಂಥವನು, ಆ ದೊರೆಗೆ ಅಂಥವನು ಎಂದು. ನರಸಿಂಹ ತೀರಿಕೊಂಡದ್ದು ಹದಿಮೂರನೆಯ ಶತಮಾನದ ಕೊನೆಯ ದಶಕದಲ್ಲಿ. ಅಂದರೆ ಇನ್ನೂರು ವರ್ಷದ ಹತ್ತಿರ ಹತ್ತಿರ ಒಂದು ಮನೆ ಒಂದು ರಾಜವಂಶದ ಜೊತೆ ಸಾಯುತ್ತಾ ಬಂದಿದೆ.

ಇದನ್ನು ಓದಿದಾಗ ಒಂದು ವಿಷಯ ತಾನಾಗಿ ತೆರೆದುಕೊಳ್ಳುತ್ತದೆ. ಗರುಡತನ ಇಲ್ಲಿ ಒಬ್ಬನ ಆವೇಶ ಆಗಿ ಉಳಿದಿಲ್ಲ, ಮನೆತನದ ವೃತ್ತಿಯಾಗಿದೆ. ಅಪ್ಪ ಸತ್ತ ಮೇಲೆ ಮಗ ಹೊಸ ದೊರೆಗೆ ಗರುಡ. ಅರಮನೆಯಲ್ಲಿ ಪಟ್ಟ ಅಪ್ಪನಿಂದ ಮಗನಿಗೆ ಇಳಿಯುವಂತೆ ಈ ಮನೆಯಲ್ಲಿ ಸಾವು ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಜೊತೆಗೆ ನಾಯಕತನ, ಮರ್ಯಾದೆ, ಊರಿನ ಮೇಲಿನ ಹಿಡಿತ. ‘ದೊರೆಯ ಪ್ರೀತಿಗೆ ಮರುಳಾಗಿ ಆ ಕ್ಷಣದಲ್ಲಿ ತಲೆ ಕೊಟ್ಟ’ ಎಂಬ ಕಥೆಯ ರೂಪಕ್ಕೆ ಇದು ಹೊಂದುವುದಿಲ್ಲ. ಹುಟ್ಟಿದ ಮಗುವಿಗೇ ಇದು ಗೊತ್ತುಮಾಡಿದ ದಾರಿ. ಅವನಿಗೆ ಬೇಡ ಅನ್ನುವ ಅವಕಾಶ ಎಷ್ಟಿತ್ತು ಎಂದು ಕೇಳಬೇಕಾದದ್ದು ಇಲ್ಲಿ.

ಇನ್ನೂ ಕಷ್ಟದ ಸಂಗತಿ ಮುಂದಿದೆ. ಈ ಶಾಸನಗಳಲ್ಲಿ ಗರುಡ ಒಬ್ಬನೇ ಸಾಯುವುದಿಲ್ಲ. ಅವನ ಹೆಂಡತಿಯರು ಸಾಯುತ್ತಾರೆ. ಮನೆಯ ದಾಸಿಯರು, ಆಳುಗಳು ಸಾಯುತ್ತಾರೆ. ಹೆಂಡತಿಯರಿಗೆ ಹೆಸರಿದೆ. ದಾಸಿಯರಿಗೂ ಆಳುಗಳಿಗೂ ಇರುವುದು ಸಂಖ್ಯೆ ಮಾತ್ರ: ಇಷ್ಟು ಹೆಣ್ಣಾಳು, ಇಷ್ಟು ಗಂಡಾಳು. ಒಡೆಯ ತನ್ನ ಒಡೆಯನಿಗೆ ಕೊಟ್ಟ ಮಾತಿನ ಬೆಲೆಯನ್ನು ಅಡುಗೆಮನೆಯವರೆಗೂ ಹಂಚಲಾಗಿದೆ.

ಇವರು ತೊಡರು ಕಟ್ಟಿದವರಲ್ಲ. ಇವರ ಹೆಸರಿನಲ್ಲಿ ಪದ್ಯವಿಲ್ಲ. ಇವರ ಮನೆಯವರಿಗೆ ಭೂಮಿ ಸಿಕ್ಕಿತೇ ಎಂದು ಹೇಳುವ ಸಾಲೂ ಇಲ್ಲ. ಗರುಡರ ಬಗ್ಗೆ ಮೈ ನವಿರೇಳುವಂತೆ ಬರೆಯುವವರು ಈ ಸಂಖ್ಯೆಯ ಮುಂದೆ ಒಂದು ನಿಮಿಷ ನಿಲ್ಲಬೇಕು ಅನ್ನೋದು ನನ್ನ ಕೋರಿಕೆ. ಲಕ್ಷ್ಮನ ನಿಷ್ಠೆಯನ್ನು ಹೊಗಳಲು ನಮಗೆ ಅವನ ಹೆಸರಿದೆ, ಅವನ ಮಾತಿದೆ. ಬಾಚಹಳ್ಳಿಯ ದಾಸಿಯ ನಿಷ್ಠೆಯನ್ನು ಹೊಗಳಲು ನಮ್ಮ ಹತ್ತಿರ ಏನಿದೆ? ಅವಳು ಒಪ್ಪಿದಳು ಎನ್ನಲು ಕೂಡ ಆಧಾರವಿಲ್ಲ. ಕಥೆ ಅವಳನ್ನು ಪೂರ್ತಿ ಬಿಟ್ಟುಬಿಟ್ಟಿದೆ. ಕಲ್ಲು ಕಡೇಪಕ್ಷ ಎಣಿಸಿದೆ.

ತೆಗಳುವವರಿಗೂ ಒಂದು ಮಾತು. ‘ಅನಾಗರಿಕ ಪದ್ಧತಿ’ ಎಂದು ಒಂದೇ ಏಟಿಗೆ ಮುಗಿಸಿದರೆ ಲಕ್ಷ್ಮನೂ ಆ ದಾಸಿಯೂ ಒಂದೇ ರಾಶಿಗೆ ಬೀಳುತ್ತಾರೆ. ದಂಡನಾಯಕನಾಗಿ ರಾಜವೈಭವ ಉಂಡವನ ಸಾವೂ, ಅವರಿವರ ಮನೆಯಲ್ಲಿ ನೀರು ಹೊತ್ತವಳ ಸಾವೂ ಒಂದೇ ತೂಕದ್ದಲ್ಲ. ಆ ಅಂತರವನ್ನು ಗುರುತಿಸದ ಕೋಪದಿಂದ ಅವಳಿಗೇನೂ ನ್ಯಾಯ ಸಿಗುವುದಿಲ್ಲ.

ನಾಯಿಗೂ ಒಂದು ಕಲ್ಲು

ಕಲ್ಲು, ಭೂಮಿ, ನೆನಪು ಮೂರೂ ಹೇಗೆ ಕಟ್ಟಿಕೊಂಡಿರುತ್ತವೆ ಎಂದು ತಿಳಿಯಲು ಎಲ್ಲರಿಗೂ ಗೊತ್ತಿರುವ ಆತಕೂರಿನ ಕಲ್ಲನ್ನು ಇನ್ನೊಮ್ಮೆ ನೋಡಬಹುದು. ಶಕ 872ರ ಕಲ್ಲು ಅದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಬಿದ್ದ ಮೇಲೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಮೆಚ್ಚಿ, ಗಂಗ ಬೂತುಗನ ಬಂಟ ಮಣಲೆರನಿಗೆ ಬೇಕಾದ್ದು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಂತಿತು.

ಇದನ್ನು ‘ನಾಯಿ ಕೇಳಿದ ಬಂಟ, ನಾಯಿ ಕೊಟ್ಟ ರಾಜ’ ಎಂದು ರಸವತ್ತಾಗಿ ಹೇಳುತ್ತಾರೆ. ಹೇಳಲಿ, ಅದು ನಿಜಕ್ಕೂ ಸೊಗಸಾದ ಪ್ರಸಂಗ. ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಮಣಲೆರನಿಗೆ ‘ಬಾಳ್ಗಚ್ಚು’ ಎಂದು, ಅಂದರೆ ಕತ್ತಿ ತೊಳೆದ ಉಡುಗೊರೆಯಾಗಿ, ಆತಕೂರು ಹನ್ನೆರಡನ್ನು ಬೂತುಗ ಕೊಟ್ಟದ್ದೂ ಅಲ್ಲಿದೆ. ನಾಯಿಯ ಕಲ್ಲಿಗೂ ಭೂಮಿ ಬಿಟ್ಟಿದ್ದಾರೆ. ಆ ಭೂಮಿ ಉಣ್ಣುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ಎಂದು ಕಟ್ಟುಮಾಡಿದ್ದಾರೆ. ಪ್ರೀತಿಯ ನೆನಪನ್ನು ಉಳಿಸಲು ಅವರಿಗೆ ಗೊತ್ತಿದ್ದ ದಾರಿಯೇ ಅದು: ಒಬ್ಬನ ಊಟವನ್ನು ಅದಕ್ಕೆ ಕಟ್ಟಿಹಾಕುವುದು.

ಈ ಕಲ್ಲನ್ನು ಬಾಚಹಳ್ಳಿಯ ಪಕ್ಕದಲ್ಲಿಟ್ಟರೆ ಒಂದು ಮಾತು ಹೇಳಲೇಬೇಕಾಗುತ್ತದೆ. ಕಾಳಿಗೆ ಹೆಸರಿದೆ, ಕಲ್ಲಿದೆ, ಭೂಮಿಯಿದೆ, ಪೂಜೆಯಿದೆ. ಗರುಡನ ಮನೆಯ ಹೆಣ್ಣಾಳಿಗೆ ಅಂಕಿ ಮಾತ್ರ ಇದೆ. ನಾಯಿಯನ್ನು ಕೀಳು ಮಾಡಲು ಇದನ್ನು ಹೇಳುತ್ತಿಲ್ಲ. ಯಾರ ನೆನಪಿಗೆ ಯಾರು ಭೂಮಿ ಬಿಟ್ಟರು ಎಂಬುದು ಯಾರ ಹೆಸರು ಉಳಿಯಬೇಕೆಂಬುದನ್ನೂ ಗೊತ್ತುಮಾಡುತ್ತದೆ ಎಂದು ತೋರಿಸಲು ಹೇಳುತ್ತಿದ್ದೇನೆ.

ಹಾಗಾದರೆ ಹೇಗೆ ಹೇಳಬೇಕು?

ಕಥೆ ಹೇಳುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಕಥೆ ಇಲ್ಲದಿದ್ದರೆ ಹಳೇಬೀಡಿಗೆ ಬಂದವರು ಆ ಕಂಬದ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಕಥೆ ಹೇಳುವವರ ಋಣ ನಮ್ಮ ಮೇಲಿದೆ. ಅವರಿಗೆ ಮೂರು ವಾಕ್ಯ ಸೇರಿಸಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ. ಇದು ರಾಜ ಹೊರಡಿಸಿದ ಆಜ್ಞೆಯಲ್ಲ, ಎರಡು ಮನೆಗಳ ನಡುವಿನ ಒಪ್ಪಂದ ಎಂಬುದು ಒಂದು. ಅದಕ್ಕೆ ಮರ್ಯಾದೆ, ಪದವಿ, ಭೂಮಿ ಪ್ರತಿಫಲವಾಗಿ ಸಿಗುತ್ತಿತ್ತು ಎಂಬುದು ಇನ್ನೊಂದು. ಆ ಒಪ್ಪಂದಕ್ಕೆ ಸಹಿ ಹಾಕದವರೂ ಅದರ ಬೆಲೆ ತೆತ್ತರು ಎಂಬುದು ಮೂರನೆಯದು. ಇಷ್ಟು ಸೇರಿಸಿದರೆ ಕಥೆ ಸಪ್ಪೆಯಾಗಲ್ಲ. ಕೇಳುವವರು ಒಂದು ಪ್ರಶ್ನೆ ಹೆಚ್ಚು ಕೇಳುತ್ತಾರೆ, ಅಷ್ಟೆ.

ಮುಂದಿನ ಸಲ ಆ ಕಡೆ ಹೋದಾಗ ಹಳೇಬೀಡಿನ ಕಂಬ ನೋಡಿ, ಸಾಧ್ಯವಾದರೆ ಅಗ್ರಹಾರ ಬಾಚಹಳ್ಳಿಗೂ ಹೋಗಿ ಬನ್ನಿ. ಅಲ್ಲಿ ಆನೆಯನ್ನು ನೋಡಿ, ಗರುಡರ ಹೆಸರುಗಳನ್ನು ಓದಿ. ಆಮೇಲೆ, ಹೆಸರಿಲ್ಲದೆ ಅಂಕಿಯಾಗಿ ಉಳಿದವರಿಗೆ ಕಲ್ಲಿನಲ್ಲಿ ಎಷ್ಟು ಜಾಗ ಸಿಕ್ಕಿದೆ ಎಂದೂ ಹುಡುಕಿ.